ಎಂಬತ್ತೆರಡು ಡಿಗ್ರಿ

ಕಾಯ್ತಿದೆ ಅಂತ ಬರುವ ಲಾರಿಗಳಿಗೆ ಲೆಕ್ಕವಿಲ್ಲ.
ಬಾನೆಟ್ ಎತ್ತಿದರೆ ಹಬೆ, ಬೈಗುಳ, ಕೊಡಪಾನದ ನೀರು.
ತಣ್ಣಗಿದೆ ಅಂತ ಬಂದದ್ದು ಇಪ್ಪತ್ತಾರು ವರ್ಷದಲ್ಲಿ
ಇದೊಂದೇ.

ಪುಷ್ಯದ ಬೆಳಗು. ಆಟೋ ಕಾಂಪ್ಲೆಕ್ಸಿನ ಶಟರುಗಳಿನ್ನೂ ಅರೆಗಣ್ಣು.
ಭಟ್ಕಳದ ಬಂಗುಡೆ ಹೊತ್ತು ಕೋಗಾರು ಘಾಟಿ ಹತ್ತಿ ಬಂದ
ಜಟ್ಟಪ್ಪ ಮೊಗೇರ, ಕೈ ಕಂಕುಳಲ್ಲಿಟ್ಟುಕೊಂಡೇ ಇಳಿದು
ಬಾಗಿಲನ್ನು ಕಾಲಲ್ಲಿ ಒದ್ದು ಮುಚ್ಚಿದ.
"ಹಿಂದೂ ಐಸು, ಮುಂದೂ ಐಸು ಮಾರಾಯ್ರೆ.
ನಂಗೂ ಮೀನಿಗೂ ಏನೂ ವ್ಯತ್ಯಾಸ ಇಲ್ಲ."

ಹೀಟರ್ ಹಾಕಿದರೆ
ಬೇಡದ ನೆಂಟರಿಗೆ ಕೊಟ್ಟ ಕಾಫಿಯಂಥ ಗಾಳಿ.
ಆನಂದಪುರದ ಮಂಜಿಗೆ ಗಾಜು ಕುರುಡಾಗಿ
ಕ್ಲೀನರ್ ಹುಡುಗ ಬನಿಯನ್ ಬಿಚ್ಚಿ ಒರೆಸುತ್ತ ಬಂದನಂತೆ.
ಮುಳ್ಳು ತಳ ಬಿಟ್ಟು ಏಳಲೇ ಇಲ್ಲವಂತೆ.

ರೇಡಿಯೇಟರಿನ ಮುಂದೆ ಗೋಣಿತಾಟು ಕಟ್ಟಿದ್ದ.
ಡ್ರೈವರುಗಳ ಮನೆಮದ್ದು. ಬಿಚ್ಚಿಸಿದೆ.
ನೀರು ನೋಡಿದೆ, ತುಂಬಿತ್ತು.
ಮುಳ್ಳೇ ಸುಳ್ಳು ಹೇಳುತ್ತಿದೆಯಾ?
ಸೆನ್ಸರಿನ ವೈರು ಕಿತ್ತು ಇಂಜಿನ್ನಿಗೆ ಮುಟ್ಟಿಸಿದೆ:
ಸರ್ರನೆ ತುದಿಗೇರಿತು. ಸುಳ್ಳಲ್ಲ.
ಹೀಟರಿನ ಎರಡು ಪೈಪೂ ಉಗುರುಬೆಚ್ಚಗೆ.
ಕಟ್ಟಿಲ್ಲ, ಹರಿಯುತ್ತಿದೆ; ಹರಿಯುವ ನೀರಿಗೇ ಬಿಸಿಯಿಲ್ಲ.

ಇಂಜಿನ್ ಪೂರ್ತಿ ಆರಲು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿಸಿ
ಮೇಲಿನ ಹೋಸಿನ ಮೇಲೆ ಅಂಗೈಯಿಟ್ಟು ನಿಂತೆ,
ಹಸುಗೂಸಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ.
ಅದು ತಣ್ಣಗಿರಬೇಕು, ಬಹಳ ಹೊತ್ತು.
ಆಮೇಲೆ ಒಮ್ಮೆಲೇ ಕೈ ಸುಡಬೇಕು.
ಇದು ಮೊದಲ ನಿಮಿಷದಿಂದಲೇ ಇಷ್ಟಿಷ್ಟೇ ಬೆಚ್ಚಗಾಯಿತು.
ಕದವಿಲ್ಲದ ಮನೆ. ಒಲೆ ಉರಿಸಿದಷ್ಟೂ ಬೀದಿಗೆ.

"ಯಾರೋ ಥರ್ಮೋಸ್ಟಾಟ್ ಕಿತ್ತಿದ್ದಾರೆ" ಅಂದೆ,
ಮುನೀರನಿಗೂ ಕೇಳಲಿ ಅಂತ, ಮೇಷ್ಟರ ದನಿಯಲ್ಲಿ.
"ಯಾವ ಕತ್ತೆಯೋ. ಬೇಸಿಗೇಲಿ ಕಾಯ್ತು ಅಂದ್ರೆ
ಕಾಯಿಲೆ ಹುಡುಕಲ್ಲ, ವಾಲ್ವ್ ಕಿತ್ತು ಕಳಿಸ್ತಾರೆ.
ಡೀಸೆಲ್ ಕುಡಿಯುತ್ತೆ, ಬಿಳಿ ಹೊಗೆ ಉಗುಳುತ್ತೆ,
ಆಯಿಲು ಗಂಜಿಯಾಗುತ್ತೆ. ಯಾರು ನೋಡ್ತಾರೆ?
ತಣ್ಣಗಿದ್ರೆ ಚೆನ್ನಾಗಿದೆ ಅಂತಲೇ ಎಲ್ಲರ ಲೆಕ್ಕ."

ಮೂರು ಬೋಲ್ಟು ಬಿಚ್ಚಿದೆ. ಕುಳಿ ಖಾಲಿ.
ಅಂಚಿಗಂಟಿದ ಗ್ಯಾಸ್ಕೆಟ್ಟನ್ನು ಉಗುರಲ್ಲಿ ಎಬ್ಬಿಸಿದರೆ
ಕಂಪನಿಯದಲ್ಲ. ರಟ್ಟು. ಒಂದು ಕಡೆ ಗುಲಾಬಿ ಬಣ್ಣ,
ಮಾಸಿದ ಅಚ್ಚಿನಲ್ಲಿ ಅರ್ಧ ಪದ:
*ಆಗಮನಾಭಿಲಾ*

ತಂಗಿ ಇಂದುಮತಿಯ ಮದುವೆಗೆ ಮುನ್ನೂರು ಕಾರ್ಡು ಹಾಕಿಸಿ
ಮಿಕ್ಕ ನೂರಿಪ್ಪತ್ತರಲ್ಲಿ ಇವತ್ತಿಗೂ ಗ್ಯಾಸ್ಕೆಟ್ ಕತ್ತರಿಸುವವನು
ಈ ಊರಿಗೆ ಒಬ್ಬನೇ.
ಲಾರಿ ಆಗ ರಿಪ್ಪನ್‌ಪೇಟೆಯವರದ್ದು, ಕೆಂಪು ಬಣ್ಣದ್ದು.
ಏಪ್ರಿಲ್ ಇರಬೇಕು. ಅವಸರವಿತ್ತು, ಅವರಿಗೂ ನನಗೂ.

ಮುನೀರ ರಟ್ಟು ನೋಡಿದ. ನನ್ನ ನೋಡಿದ.
ಸ್ಪ್ಯಾನರ್ ಒರೆಸುವುದರಲ್ಲಿ ಬಹಳ ಮಗ್ನನಾದ.
"ಕತ್ತೆ ಸಿಕ್ತು" ಅಂದೆ.

ಹೊಸ ವಾಲ್ವಿನ ಮೇಲೆ ಕೊರೆದಿತ್ತು: ಎಂಬತ್ತೆರಡು.
ಹೊಸದನ್ನೂ ನಂಬಬಾರದು.
ಸುಗಂಧಿಯಕ್ಕ ಗೊಣಗುತ್ತಲೇ ತೂತು ಬಿದ್ದ ಹಿಡಿಯ ಪಾತ್ರೆ ಕೊಟ್ಟಳು.
ದಾರಕ್ಕೆ ಕಟ್ಟಿ ನೀರಿಗಿಳಿಬಿಟ್ಟು
ನಾಲ್ಕು ತಲೆ ಬಗ್ಗಿ ನೋಡಿದೆವು, ಹಾಲು ಕಾಯುವವರ ಹಾಗೆ.
ಏನೂ ಇಲ್ಲ. ಏನೂ ಇಲ್ಲ. ತಳದಲ್ಲಿ ಗುಳ್ಳೆ.
ಆಮೇಲೆ ಹಿತ್ತಾಳೆಯ ತುಟಿ ಕೂದಲೆಳೆಯಷ್ಟು ಬಿರಿದು
ಬೆರಳಗಲ ತೆರೆಯಿತು.
"ಒಳಗೆ ಯಾರಿದಾರೆ?" ಅಂದ ಕ್ಲೀನರ್ ಹುಡುಗ.
ಮೇಣ ಅಂದೆ. ನಂಬಲಿಲ್ಲ.

ಹತ್ತೂವರೆಗೆ ಮುಳ್ಳು ಎದ್ದು ನಡುವಿಗೆ ಬಂದು ನಿಂತಿತು.
ಹುಡುಗ ಹೀಟರಿನ ಬಾಯಿಗೆ ಎರಡೂ ಕೈ, ಆಮೇಲೆ ಮುಖ,
ಆಮೇಲೆ ಒದ್ದೆ ಬನಿಯನ್ ಹಿಡಿದ.
ಬಿಲ್ಲಿನಲ್ಲಿ ವಾಲ್ವ್ ಬರೆದೆ, ಕೂಲೆಂಟ್ ಬರೆದೆ.
ಮಜೂರಿ ಕಾಲಂ ಖಾಲಿ ಬಿಟ್ಟೆ.
ಜಟ್ಟಪ್ಪ ಯಾಕೆ ಅಂತ ಕೇಳಲಿಲ್ಲ;
ಪೇಪರಿನಲ್ಲಿ ಆರು ಬಂಗುಡೆ ಸುತ್ತಿಟ್ಟು ಹೋದ.

ಸಂಜೆ ಡಬ್ಬಿ ತೆಗೆದು ಎಣಿಸಿದೆ.
ಕಾರ್ಡು ಒಂಬತ್ತು ಉಳಿದಿವೆ.
ಹೋದ ನೂರಾಹನ್ನೊಂದರಲ್ಲಿ
ಯಾವುದು ಪಂಪಿಗೆ, ಯಾವುದು ಸಂಪಿಗೆ,
ಎಷ್ಟು ಖಾಲಿ ಕುಳಿಗಳ ಮೇಲೆ, ನೆನಪಿಲ್ಲ.
ಸಾಗರ ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.
ಯಾವುದಕ್ಕೆ ಬಿಳಿ ಹೊಗೆ, ಯಾವುದಕ್ಕೆ ಬರಿ ಮಂಜು,
ಕತ್ತಲಲ್ಲಿ ಗೊತ್ತಾಗಲಿಲ್ಲ.